ಹಣೆಪಟ್ಟಿ

ಸೋಮವಾರ ಬೆಳಿಗ್ಗೆ ಮಾತ್ರೆ ಆಸ್ಪತ್ರೆಗೆ ಬೀಗ ಬಿದ್ದಿತ್ತು. ಬೀಗ ಹೊಸದು, ಹಿತ್ತಾಳೆಯದು. ಹುಳು ತಿಂದ ಆ ಕದಕ್ಕಿಂತ ಬೀಗವೇ ಗಟ್ಟಿಯಾಗಿತ್ತು.

ಗಟ್ಟಿಗಿತ್ತಿ ತಂಗಿಯನ್ನು ಕರೆದುಕೊಂಡು ಬಂದಾಗ ಅಲ್ಲಿ ಆಗಲೇ ಇಪ್ಪತ್ತು ಮಂದಿ ನಿಂತಿದ್ದರು. ಎಲ್ಲರೂ ಹೊರೆ ಹೊರುವ ಕೇರಿಯವರು. ಎಲ್ಲರ ಹಣೆಯ ಮೇಲೂ ಎರಡು ಬೆರಳಗಲದ ತಗ್ಗು. ಅದು ಹಣೆಪಟ್ಟಿಯ ಗುರುತು. ಪಟ್ಟಿಯ ನಡುಭಾಗ ಹಣೆಗೆ, ಎರಡು ತುದಿ ಬೆನ್ನ ಮೇಲಿನ ಹೊರೆಗೆ. ಕೈ ಬಿಡುವಾಗಿರುತ್ತದೆ, ಕತ್ತು ಎಳೆಯುತ್ತದೆ. ಎಂಟನೇ ವಯಸ್ಸಿಗೆ ಪಟ್ಟಿ ಏರಿಸಿದರೆ ಇಪ್ಪತ್ತಾಗುವಷ್ಟರಲ್ಲಿ ಎಲುಬೇ ತಗ್ಗಿರುತ್ತದೆ. ಹಣೆಬರಹ ಯಾರಿಗೂ ಕಾಣುವುದಿಲ್ಲ ಅನ್ನುತ್ತಾರೆ. ಈ ಕೇರಿಯವರದ್ದನ್ನು ಕುರುಡನೂ ಮುಟ್ಟಿ ಓದಬಹುದು.

ಊರು ಗುಡ್ಡದ ಮೇಲಿದೆ, ಕೇರಿ ಬುಡದಲ್ಲಿ. ಕೆಳಗಿನ ರಸ್ತೆಯಿಂದ ಮೇಲಿನ ಪೇಟೆಗೆ ಇನ್ನೂರ ಹನ್ನೆರಡು ಮೆಟ್ಟಿಲು. ಗಾಡಿ ಹತ್ತುವುದಿಲ್ಲ. ಮೇಲಿರುವ ಒಂದೊಂದು ಹಿಟ್ಟಿನ ಚೀಲ, ಒಂದೊಂದು ಬೀರು, ಕಚೇರಿಯ ಒಂದೊಂದು ಕಡತದ ಕಪಾಟು ಈ ಕೇರಿಯ ಹಣೆಗೆ ಜೋತುಬಿದ್ದೇ ಮೇಲೆ ಹತ್ತಿದ್ದು. ಮೇಲಿನವರು ಅದನ್ನು ಮರೆತಿದ್ದಾರೆ. ಹೊತ್ತವರ ಮಂಡಿ ಮರೆತಿಲ್ಲ.

ಗಟ್ಟಿಗಿತ್ತಿ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹದಿನೆಂಟರ ವಯಸ್ಸಿನಲ್ಲಿ ಒಂದು ಕಬ್ಬಿಣದ ತಿಜೋರಿಯನ್ನು ಒಬ್ಬಳೇ ಹೊತ್ತು ಹತ್ತಿಸಿದಾಗ ಪೇಟೆಯವರು ನಗಾಡುತ್ತ ಇಟ್ಟದ್ದು. ಈಗ ಅವಳಿಗೆ ನಲವತ್ತಾರು. ನಕ್ಕವರು ಒಬ್ಬೊಬ್ಬರಾಗಿ ಸತ್ತರು. ಹೆಸರು ಉಳಿಯಿತು.

ತಂಗಿ ಆರು ವರ್ಷ ಚಿಕ್ಕವಳು. ಕ್ಷಯ. ಆರು ತಿಂಗಳ ಮಾತ್ರೆಯಲ್ಲಿ ಎರಡೂವರೆ ತಿಂಗಳು ಮುಗಿದಿತ್ತು. ಕಫದಲ್ಲಿ ರಕ್ತ ನಿಂತಿತ್ತು. ಕೆನ್ನೆಯಲ್ಲಿ ಸ್ವಲ್ಪ ಮಾಂಸ ಕಾಣುತ್ತಿತ್ತು. ದಾರಿಯುದ್ದಕ್ಕೂ ಅವಳು ಜಂಬ ಕೊಚ್ಚಿಕೊಂಡೇ ಬಂದಿದ್ದಳು.

"ಬರೋ ತಿಂಗಳು ಅರ್ಧ ಚೀಲ ಹೊರ್ತೀನಿ ನೋಡಕ್ಕ."

"ಹೊರ್ತೀಯ. ಮೊದಲು ಉಸಿರು ಬಿಡೋದು ಕಲಿ."

ಬಾಗಿಲ ಮುಂದೆ ಅಂಟಿನವನು ನಿಂತಿದ್ದ. ಸರ್ಕಾರದ ನೋಟೀಸು ಅಂಟಿಸುವುದೇ ಅವನ ಉದ್ಯೋಗ. ಒಂದು ಕೈಯಲ್ಲಿ ಅಂಟಿನ ಬಕೆಟ್ಟು, ಇನ್ನೊಂದರಲ್ಲಿ ಕುಂಚ. ಕಾಗದ ಅಂಟಿಸಿ, ಮೂಲೆಗಳನ್ನು ಅಂಗೈಯಿಂದ ಉಜ್ಜಿ, ಯಾರ ಮುಖವನ್ನೂ ನೋಡದೆ ಹೊರಟುಹೋದ.

ನರ್ಸಮ್ಮ ಪಕ್ಕದ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಕೈಚೀಲ, ತೂಕದ ಯಂತ್ರ, ಒಂದು ಜೊತೆ ಚಪ್ಪಲಿ ಹೊರಗೆ ಬಿದ್ದಿದ್ದವು. ಎಲ್ಲರೂ ಅವಳನ್ನೇ ನೋಡಿದರು. ಕೇರಿಯಲ್ಲಿ ಓದು ಬಂದವರು ಕಡಿಮೆ. ನರ್ಸಮ್ಮ ಎದ್ದು ಬಂದು ಓದಿದಳು. ಒಂದೇ ಹಾಳೆಯಲ್ಲಿ ಎರಡು ನಿರ್ಣಯ, ಕೆಳಗೆ ಒಂದೇ ಕಾರ್ಯದರ್ಶಿಯ ಸಹಿ.

"ನಿರ್ಣಯ ಹದಿನಾಲ್ಕು. ಹೊರದೇಶದ ವಸ್ತುಸಂಗ್ರಹಾಲಯದಿಂದ ಪ್ರದರ್ಶನಕ್ಕಾಗಿ ತರಿಸಲಾಗುತ್ತಿರುವ ಈ ಕೆಳಗಿನ ಮೂವತ್ತೆಂಟು ವಸ್ತುಗಳು ಸಾಂಸ್ಕೃತಿಕ ಮಹತ್ವದವೆಂದೂ, ಇವುಗಳ ಪ್ರದರ್ಶನ ರಾಷ್ಟ್ರದ ಹಿತಕ್ಕೆ ಅಗತ್ಯವೆಂದೂ ನಿರ್ಣಯಿಸಲಾಗಿದೆ. ಇವು ಈ ನೆಲದ ಮೇಲೆ ಇರುವಷ್ಟು ಕಾಲ ಯಾವ ವ್ಯಕ್ತಿಯೂ ಇವುಗಳ ಮೇಲೆ ಹಕ್ಕು ಹೂಡುವಂತಿಲ್ಲ. ಯಾವ ನ್ಯಾಯಾಲಯವೂ ಜಪ್ತಿಗೆ ಆದೇಶಿಸುವಂತಿಲ್ಲ. ಇವುಗಳಿಗೆ ಲವಲೇಶವೂ ಹಾನಿ ಆಗತಕ್ಕದ್ದಲ್ಲ."

"ಅದು ನಮಗೆ ಯಾಕಮ್ಮ? ಮಾತ್ರೇದು ಓದು," ಅಂದ ಒಬ್ಬ ಮುದುಕ.

"ನಿರ್ಣಯ ಹದಿನೈದು. ಹೊರದೇಶದ ನೆರವಿನಿಂದ ನಡೆಯುತ್ತಿರುವ ಈ ಕೆಳಗಿನ ಚಿಕಿತ್ಸಾ ಕೇಂದ್ರಗಳಿಗೆ ಇನ್ನು ಮುಂದೆ ನೆರವು ಸ್ವೀಕರಿಸುವುದು ರಾಷ್ಟ್ರದ ಹಿತಕ್ಕೆ ಅಗತ್ಯವಲ್ಲವೆಂದು ನಿರ್ಣಯಿಸಲಾಗಿದೆ."

ನರ್ಸಮ್ಮ ಅಲ್ಲಿಗೆ ನಿಲ್ಲಿಸಿದಳು. ಕೆಳಗೆ ಕೇಂದ್ರಗಳ ಪಟ್ಟಿ ಇತ್ತು. ಓದಲಿಲ್ಲ.

"ಅಂದ್ರೆ?" ಕೇಳಿದಳು ಗಟ್ಟಿಗಿತ್ತಿ.

"ಅಂದ್ರೆ ಮಾತ್ರೆ ಇಲ್ಲ."

"ಎಷ್ಟು ದಿನ?"

"ದಿನ ಬರೆದಿಲ್ಲ." ನರ್ಸಮ್ಮ ತಂಗಿಯ ಕಡೆ ನೋಡಿ ದನಿ ತಗ್ಗಿಸಿದಳು. "ನೋಡು, ಇದು ಶುರು ಮಾಡಿದ್ಮೇಲೆ ಅರ್ಧಕ್ಕೆ ಬಿಡೋ ಹಾಗಿಲ್ಲ. ಬಿಟ್ರೆ ರೋಗ ಸಾಯಲ್ಲ, ಕಲಿಯುತ್ತೆ. ಆಮೇಲೆ ಇದೇ ಮಾತ್ರೆ ತಂದು ಸುರಿದ್ರೂ ಅದಕ್ಕೆ ನಾಟಲ್ಲ. ಹತ್ರ ಕೂತೋರಿಗೂ ಆ ಕಲಿತ ರೋಗಾನೇ ಅಂಟುತ್ತೆ. ಅರವತ್ತೊಂದು ಜನ ಇದ್ದಾರೆ ನನ್ನ ಪುಸ್ತಕದಲ್ಲಿ."

ಪೇಟೆಯ ಅಂಗಡಿಯಲ್ಲಿ ಆ ಮಾತ್ರೆ ಸಿಗುತ್ತಿರಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಬರುತ್ತಿದ್ದುದೂ ಇಲ್ಲಿಂದಲೇ. ಮಧ್ಯಾಹ್ನದ ಬಸ್ಸಿಗೆ ನರ್ಸಮ್ಮ ಹೊರಟುಹೋದಳು. ಹೋಗುವಾಗ ತೂಕದ ಯಂತ್ರವನ್ನು ಕಟ್ಟೆಯ ಮೇಲೆಯೇ ಬಿಟ್ಟಳು.

ಮೂರು ದಿನ ಬಿಟ್ಟು ಪೆಟ್ಟಿಗೆಗಳು ಬಂದವು. ಮೆಟ್ಟಿಲ ಬುಡಕ್ಕೆ ಎರಡು ಲಾರಿ, ಸುತ್ತ ಪೊಲೀಸರು. ಹೊರುವ ಕೇರಿಯ ಮುದಿ ಮೇಸ್ತ್ರಿಗೆ ಪೇಟೆಯ ಮ್ಯೂಸಿಯಂ ಮೇಲ್ವಿಚಾರಕ ನಿಯಮ ಹೇಳಿದ. ಚಪ್ಪಲಿ ಬಿಡಬೇಕು. ಸೋಪು ಹಚ್ಚಿ ಕೈ ತೊಳೆಯಬೇಕು. ಬಿಳಿ ಕೈಗವುಸು ಹಾಕಬೇಕು. ಎಲ್ಲೂ ಇಳಿಸಬಾರದು. ಪೆಟ್ಟಿಗೆಗೆ ಬೆವರು ತಾಗಬಾರದು.

"ಬೆವರಬಾರದು ಅಂತ ಬೆನ್ನಿಗೆ ಹೇಗೆ ಹೇಳೋದು ಸ್ವಾಮಿ?" ಅಂದ ಮೇಸ್ತ್ರಿ.

ಮೇಲ್ವಿಚಾರಕ ಒಳ್ಳೆಯ ಮನುಷ್ಯ. ನಕ್ಕ. ಬೆನ್ನಿಗೆ ಹಾಕಿಕೊಳ್ಳಲು ಎಲ್ಲರಿಗೂ ಪ್ಲಾಸ್ಟಿಕ್ ಹಾಳೆ ಕೊಡಿಸಿದ. ಹಾಳೆಯ ಒಳಗೆ ಮೈ ಬೆಂದುಹೋಯಿತು.

ಗಟ್ಟಿಗಿತ್ತಿಗೆ ಬಂದದ್ದು ಉದ್ದನೆಯ ಪೆಟ್ಟಿಗೆ. ಅದರ ಜೊತೆಯಲ್ಲೇ ವಿಮಾನದಲ್ಲಿ ಬಂದ ಹೊರದೇಶದ ಹೆಂಗಸೊಬ್ಬಳು ಒಂದು ಮೆಟ್ಟಿಲೂ ಬಿಡದೆ ಪಕ್ಕದಲ್ಲೇ ಹತ್ತಿದಳು. ಪೆಟ್ಟಿಗೆಗೆ ಸಿಕ್ಕಿಸಿದ್ದ ಒಂದು ಸಣ್ಣ ಗಡಿಯಾರದಂಥದ್ದನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ಒಳಗಿನ ಗಾಳಿ ಎಷ್ಟು ತಂಪಿದೆ ಅಂತ ಅದು ತೋರಿಸುತ್ತದಂತೆ.

ಗಟ್ಟಿಗಿತ್ತಿಗೆ ಆಶ್ಚರ್ಯವಾಗಿದ್ದು ತೂಕ. ಪೆಟ್ಟಿಗೆಯ ಹಲಗೆ ಭಾರ. ಒಳಗೆ ಇದ್ದದ್ದು ಏನೂ ಇಲ್ಲವೆನ್ನುವಷ್ಟು ಹಗುರ. ಹೊರುವವರಿಗೆ ಅದು ಬೇರೆಬೇರೆಯಾಗಿ ಗೊತ್ತಾಗುತ್ತದೆ.

ಮೇಲಿನ ಹಾಲಿಗೆ ಕಿಟಕಿಗಳಿರಲಿಲ್ಲ. ಇದ್ದವನ್ನು ಇಟ್ಟಿಗೆ ಇಟ್ಟು ಮುಚ್ಚಿದ್ದರು. ತಂಪು ಯಂತ್ರ ಗುಂಯ್ ಅನ್ನುತ್ತಿತ್ತು. ಮುಚ್ಚಳ ಎತ್ತಲು ಕೈ ಸಾಲದೆ ಮೇಲ್ವಿಚಾರಕ ಅವಳನ್ನೇ ಕರೆದ. ಬಿಳಿ ಬಟ್ಟೆ ಸರಿಸಿದರು. ಒಳಗೆ ಎಲುಬು. ಬುರುಡೆಯಿಂದ ಕಾಲ್ಬೆರಳಿನ ತನಕ ಅಚ್ಚುಕಟ್ಟಾಗಿ ಮಲಗಿಸಿದ ಒಂದು ಇಡೀ ಮನುಷ್ಯದೇಹದ ಎಲುಬು. ಹಣೆಯಲ್ಲಿ ಎರಡು ಬೆರಳಗಲದ ತಗ್ಗು.

ಗಟ್ಟಿಗಿತ್ತಿಯ ಕೈ ತಾನಾಗಿಯೇ ಮೇಲೆ ಹೋಗಿ ತನ್ನ ಹಣೆ ಮುಟ್ಟಿತು.

ಮೇಲ್ವಿಚಾರಕ ಅದನ್ನು ಕಂಡ. ಅವನ ಕಣ್ಣು ಅರಳಿತು. ಹೊರದೇಶದ ಹೆಂಗಸಿಗೆ ಅವಳ ಭಾಷೆಯಲ್ಲಿ ಏನೋ ಹೇಳಿದ. ಜೇಬಿನಿಂದ ಅಳತೆಪಟ್ಟಿ ತೆಗೆದ. "ಅಮ್ಮಾ, ಸ್ವಲ್ಪ ತಲೆ ಎತ್ತು," ಅಂದವನೇ ಅವಳ ತಲೆಯ ಬಟ್ಟೆಯನ್ನು ಹಿಂದಕ್ಕೆ ಸರಿಸಿ ಹಣೆಗೆ ಪಟ್ಟಿ ಹಿಡಿದ. ಬುರುಡೆಗೆ ಹಿಡಿದ. ಮತ್ತೆ ಅವಳಿಗೆ ಹಿಡಿದ. ಹೊರದೇಶದವಳು ಬರೆದುಕೊಂಡಳು. ಬುರುಡೆ ಮುಟ್ಟುವ ಮೊದಲು ಅವನು ಕೈಗವುಸು ಹಾಕಿಕೊಂಡಿದ್ದ. ಇವಳ ಹಣೆಗೆ ಬರುವಾಗ ತೆಗೆದಿದ್ದ.

ಗಟ್ಟಿಗಿತ್ತಿ ತಲೆಯ ಬಟ್ಟೆಯನ್ನು ಮತ್ತೆ ಹಣೆಯ ತನಕ ಎಳೆದುಕೊಂಡಳು.

ಮರುದಿನ ಆ ಎಲುಬಿಗೆ ಗಾಜು ಹಾಕಿ, ಗಾಜಿಗೊಂದು ಚೀಟಿ ಅಂಟಿಸಿದರು. ಗಟ್ಟಿಗಿತ್ತಿ ಅದನ್ನು ಓದಿಸಿದಳು.

"ಹೊರೆ ಹೊರುವ ಜನಾಂಗದ ಹೆಂಗಸು," ಓದಿದ ಮೇಲ್ವಿಚಾರಕ. "ವಯಸ್ಸು ಸುಮಾರು ಮೂವತ್ತು. ಈ ಗುಡ್ಡದ ಕೆಳಗೆ ಸಂಗ್ರಹಿಸಿದ್ದು. ಕಾಲ: ನೂರಾ ಹತ್ತು ವರ್ಷಗಳ ಹಿಂದೆ."

"ಸಂಗ್ರಹಿಸಿದ್ದು ಅಂದ್ರೆ?"

"ಅಂದ್ರೆ, ತಗೊಂಡಿದ್ದು."

"ಯಾರನ್ನ ಕೇಳಿ?"

ಮೇಲ್ವಿಚಾರಕ ಕನ್ನಡಕ ತೆಗೆದು ಒರೆಸಿದ. "ಆ ಕಾಲದಲ್ಲಿ ಕೇಳೋ ಪದ್ಧತಿ ಇರಲಿಲ್ಲಮ್ಮ."

"ಈಗ ಇದೆಯಾ?"

ಅವನು ಬೇರೆ ಮಾತು ತೆಗೆದ. ಹತ್ತು ವಾರ ಪ್ರದರ್ಶನ ಇರುತ್ತದೆ. ಹಣೆಪಟ್ಟಿ ಹಾಕಿಕೊಂಡು, ಬೆನ್ನಿಗೊಂದು ಹೊರೆ ಇಟ್ಟುಕೊಂಡು, ಗಾಜಿನ ಎರಡೂ ಪಕ್ಕ ಇಬ್ಬರು ಹೆಂಗಸರು ಕೂರಬೇಕು. ಬಂದವರಿಗೆ ತಿಳಿಯುತ್ತದೆ, ಆ ಕಸುಬು ಇನ್ನೂ ಉಸಿರಾಡುತ್ತಿದೆ ಅಂತ. ಹೊರೆಯೊಳಗೆ ಹುಲ್ಲು ತುಂಬಿರುತ್ತದೆ, ಭಾರವಿಲ್ಲ. ಕೂತುಕೊಳ್ಳುವ ಕೆಲಸ.

"ಮಾತ್ರೆ ಕೊಡಿಸ್ತೀರಾ?" ಕೇಳಿದಳು ಗಟ್ಟಿಗಿತ್ತಿ.

"ಏನು?"

"ಮಾತ್ರೆ ನಿಲ್ಲಿಸಿದ ಕಾಗದಕ್ಕೆ ಸಹಿ ಹಾಕಿದ ಸಾಹೇಬ್ರು ಇದಕ್ಕೂ ಸಹಿ ಹಾಕಿದ್ದಾರಂತೆ. ನಿಮಗೆ ಪರಿಚಯ ಇರ್ತಾರೆ. ಅರವತ್ತೊಂದು ಜನಕ್ಕೆ."

"ಕೇಳ್ತೀನಿ," ಅಂದ. ಸುಳ್ಳು ಹೇಳಲಿಲ್ಲ. ನಿಜವಾಗಿಯೂ ಕೇಳಿದ. ಒಂದು ವಾರದ ಮೇಲೆ ಉತ್ತರ ಬಂತು. ಆ ವಿಷಯ ಮುಗಿದಿದೆ ಅಂತ ಒಂದೇ ಸಾಲು.

ಅಷ್ಟರಲ್ಲಿ ಅಕ್ಕತಂಗಿಯರು ಕೂರಲು ಶುರು ಮಾಡಿ ಆಗಿತ್ತು. ತಂಗಿಗೆ ಮೆಟ್ಟಿಲು ಹತ್ತಲು ಆಗದಿದ್ದಾಗ ಅಕ್ಕ ಬೆನ್ನಿಗೆ ಹಾಕಿಕೊಂಡು ಬರುತ್ತಿದ್ದಳು. ಹೊರೆ ಹೊತ್ತು ದುಡಿಯುವ ಶಕ್ತಿ ತಂಗಿಯಲ್ಲಿ ಉಳಿದಿರಲಿಲ್ಲ. ಒಲೆ ಮಾತ್ರ ದಿನಾ ಉರಿಯಬೇಕಿತ್ತು. ಶಾಲೆಯ ಮಕ್ಕಳು ಬಂದರು. ಅಧಿಕಾರಿಗಳ ಹೆಂಡತಿಯರು ಬಂದರು. ಗಾಜಿನ ಒಳಗೆ ನೋಡಿ, ಪಕ್ಕಕ್ಕೆ ತಿರುಗಿ ಇವರನ್ನು ನೋಡಿ, ಮತ್ತೆ ಒಳಗೆ ನೋಡಿದರು. ಒಬ್ಬಾಕೆ ಬೆರಳು ಚಾಚಿ ತಂಗಿಯ ಹಣೆಯ ತಗ್ಗಿಗೆ ಇಟ್ಟು, "ನೋವಾಗಲ್ವಾ?" ಅಂದಳು.

"ನಿಮ್ಮ ಬೆರಳಿಂದ ಇಲ್ಲಮ್ಮ," ಅಂದಳು ತಂಗಿ.

ಐದನೇ ವಾರ ಕೆಮ್ಮು ತಿರುಗಿ ಬಂತು. ಮೊದಲು ಒಣಕೆಮ್ಮು. ಆಮೇಲೆ ಸಂಜೆ ಜ್ವರ. ಕಿಟಕಿ ಇಲ್ಲದ ಹಾಲು. ಬಾಗಿಲು ತೆರೆದಿಟ್ಟರೆ ಎಲುಬಿಗೆ ಹಾನಿ ಅಂತ ಸದಾ ಮುಚ್ಚಿರುತ್ತಿದ್ದರು. ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮುತ್ತಿದ್ದಳು. ಒಳಗಿದ್ದವರೆಲ್ಲ ಒಂದೇ ಗಾಳಿಯನ್ನು ಮತ್ತೆ ಮತ್ತೆ ಉಸಿರಾಡುತ್ತಿದ್ದರು. ಮೇಲ್ವಿಚಾರಕನ ಮೇಜು ಅವರಿಂದ ನಾಲ್ಕು ಮಾರು ದೂರ.

"ಕಿಟಕಿ ಒಂದು ತೆಗೆಸಿ ಸ್ವಾಮಿ," ಎರಡು ಸಲ ಹೇಳಿದಳು ಗಟ್ಟಿಗಿತ್ತಿ. "ಇವಳ ರೋಗ ಒಳ್ಳೇದಲ್ಲ. ನರ್ಸಮ್ಮ ಹೇಳಿದ್ದಾಳೆ, ಹತ್ರ ಇದ್ದೋರಿಗೂ ಹತ್ತುತ್ತಂತೆ."

"ತೆಗೆಯೋ ಹಾಗಿಲ್ಲಮ್ಮ. ವಸ್ತುಗಳಿಗೆ ಆಗಲ್ಲ. ನೋಟೀಸಲ್ಲೇ ಇದೆ."

ಏಳನೇ ವಾರ, ಯಾರೋ ದೊಡ್ಡವರು ನೋಡಲು ಬಂದಾಗ ತಂಗಿಗೆ ಕೆಮ್ಮು ಹತ್ತಿ ನಿಲ್ಲಲೇ ಇಲ್ಲ. ಬೆನ್ನಿನ ಹುಲ್ಲಿನ ಹೊರೆ ಕುಣಿಯಿತು. ಸೆರಗು ಕೆಂಪಾಯಿತು. ಬಂದವರು ಹಿಂದಕ್ಕೆ ಸರಿದರು. ಆ ಸಂಜೆ ಮೇಲ್ವಿಚಾರಕ ಗಟ್ಟಿಗಿತ್ತಿಯನ್ನು ಕರೆದು ಮೆಲ್ಲಗೆ ಹೇಳಿದ. "ನಾಳೆಯಿಂದ ನಿನ್ನ ತಂಗಿ ಬೇಡ. ನೋಡೋರಿಗೆ ಒಂಥರಾ ಆಗುತ್ತೆ. ಬೇರೆ ಯಾರಾದ್ರೂ ಇದ್ದಾರಾ? ಹಣೆ ಗುರುತು ಚೆನ್ನಾಗಿರೋರು?"

"ಇಲ್ಲ," ಅಂದಳು ಗಟ್ಟಿಗಿತ್ತಿ. ಹುಲ್ಲಿನ ಹೊರೆಯನ್ನು ಅವನ ಮೇಜಿನ ಮೇಲಿಟ್ಟಳು. "ನಾನೂ ಇಲ್ಲ."

ಕೇರಿಯಲ್ಲಿ ಆ ಹತ್ತು ವಾರದಲ್ಲಿ ಏಳು ಮಂದಿ ಸತ್ತರು. ಒಂದು ಮನೆಯಲ್ಲಿ ಅಮ್ಮ, ಮಗಳು ಇಬ್ಬರೂ ಹೋದರು. ಗೋಡೆ ಒಂದೇ, ಮನೆ ಎರಡು ಎಂಬಂತಿದ್ದ ಸಾಲುಮನೆಗಳಲ್ಲಿ ಕೇಳುವ ಕೆಮ್ಮು ತಮ್ಮದೋ ಪಕ್ಕದವರದೋ ತಿಳಿಯುತ್ತಿರಲಿಲ್ಲ. ಮಾತು ಕಡಿಮೆಯಾಯಿತು. ಜಗಳ ನಿಂತುಹೋಯಿತು. ಜಗಳವಿಲ್ಲದ ಕೇರಿ ಎಂಥ ಭಯದ್ದು ಅನ್ನುವುದು ಅಲ್ಲಿದ್ದವರಿಗೇ ಗೊತ್ತು.

ಒಂದು ಸಂಜೆ ತಂಗಿ ಗೋಡೆಗೊರಗಿ ಕೂತು ಕೇಳಿದಳು. "ಅಕ್ಕ, ಅವಳು ಯಾವುದರಿಂದ ಸತ್ತಿರಬಹುದು?"

"ಯಾರು?"

"ಗಾಜಿನೊಳಗಿರೋಳು. ಮೂವತ್ತೇ ವರ್ಷ."

ಗಟ್ಟಿಗಿತ್ತಿ ನೀರಿನ ಲೋಟ ಕೊಟ್ಟಳು. "ಕುಡಿ."

"ಅವಳಿಗೂ ಒಬ್ಬ ಅಕ್ಕ ಇದ್ದಿರ್ತಾಳೆ. ಮಣ್ಣು ಮಾಡಿ ಮನೆಗೆ ಬಂದಿರ್ತಾಳೆ. ಮಾರನೇ ದಿನ ಹೋಗಿ ನೋಡಿದ್ರೆ ಗುಂಡಿ ಖಾಲಿ." ಸ್ವಲ್ಪ ಹೊತ್ತು ಉಸಿರು ಹುಡುಕಿಕೊಂಡು ಮತ್ತೆ ಹೇಳಿದಳು. "ನನ್ನನ್ನ ಹಾಗೆ ಬಿಡಬೇಡ."

ಪ್ರದರ್ಶನ ಮುಗಿದ ಮಾರನೇ ದಿನ ಬೆಳಿಗ್ಗೆ ಪೆಟ್ಟಿಗೆಗಳನ್ನು ಕೆಳಗಿಳಿಸಬೇಕಿತ್ತು. ಮಧ್ಯಾಹ್ನದ ವಿಮಾನಕ್ಕೆ ಜಾಗ ಹೇಳಿಟ್ಟಿದ್ದರು. ಎಂಟು ಗಂಟೆಗೆ ಮೇಲ್ವಿಚಾರಕ ಮ್ಯೂಸಿಯಂ ಬಾಗಿಲಿಗೆ ಬಂದು ನೋಡಿದರೆ ಹೊರುವವರು ನಲವತ್ತು ಜನ ಮೆಟ್ಟಿಲ ಎರಡೂ ಅಂಚಿಗೆ ಕೂತಿದ್ದರು. ಹಣೆಪಟ್ಟಿ ಮಡಿಲಲ್ಲಿತ್ತು.

"ಏಳಿ, ಹೊತ್ತಾಯ್ತು," ಅಂದ.

"ಹೊರಲ್ಲ," ಅಂದಳು ಗಟ್ಟಿಗಿತ್ತಿ.

"ಏನು ಹಾಗಂದ್ರೆ?"

"ಹಾಗಂದ್ರೆ ಹಾಗೇ. ಮೂವತ್ತೇಳು ಪೆಟ್ಟಿಗೆ ಹೊರ್ತೀವಿ. ಆ ಉದ್ದನೇದು ಇಲ್ಲೇ ಇರಲಿ. ಅವಳು ನಮ್ಮೋಳು. ಮಣ್ಣಿಗೆ ಹಾಕ್ತೀವಿ."

ಕಾರ್ಯದರ್ಶಿಗೆ ಫೋನು ಹೋಯಿತು. ಅರ್ಧ ಗಂಟೆಯಲ್ಲಿ ಅವನೇ ಬಂದ. ನೋಟೀಸಿನ ಕೆಳಗಿದ್ದ ಸಹಿಗೆ ಒಂದು ಮುಖವೂ ಇದೆ ಅಂತ ಕೇರಿಯವರು ಅವತ್ತೇ ಕಂಡದ್ದು. ಚಿಕ್ಕ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ದಣಿದ ಕಣ್ಣು.

"ನಿಮಗೆ ಕಾನೂನು ಗೊತ್ತಿಲ್ಲ," ಅಂದ. "ಇದನ್ನ ಯಾವ ಕೋರ್ಟೂ ಜಪ್ತಿ ಮಾಡೋ ಹಾಗಿಲ್ಲ."

"ನಾವು ಜಪ್ತಿ ಎಲ್ಲಿ ಮಾಡಿದ್ವಿ?" ಅಂದ ಮೇಸ್ತ್ರಿ ಕೂತಲ್ಲಿಂದಲೇ. "ಬಾಗಿಲು ತೆರೆದಿದೆ. ಮೆಟ್ಟಿಲು ಅಲ್ಲೇ ಇದೆ. ತಗೊಂಡು ಹೋಗಿ ಸ್ವಾಮಿ. ಹೊರೋದಿಲ್ಲ ಅಂದ್ವಿ, ಅಷ್ಟೇ. ಹೊರಲೇಬೇಕು ಅಂತ ನಿಮ್ಮ ಕಾಗದದಲ್ಲಿ ಬರೆದಿದೆಯಾ?"

ಕೂತವರಲ್ಲಿ ಯಾರೋ ನಕ್ಕರು. ಬಹಳ ದಿನದ ಮೇಲೆ ಆ ಜನ ನಕ್ಕದ್ದು. ನಗು ಅರ್ಧಕ್ಕೆ ಕೆಮ್ಮಾಯಿತು.

ಕಾರ್ಯದರ್ಶಿ ಗಟ್ಟಿಗಿತ್ತಿಯನ್ನು ಪಕ್ಕಕ್ಕೆ ಕರೆದ. ಅವಳು ಯಾರು, ಏನು ಎಂಬುದನ್ನು ಮೇಲ್ವಿಚಾರಕ ಆಗಲೇ ಕಿವಿಯಲ್ಲಿ ಹೇಳಿದ್ದ.

"ನಿನ್ನ ತಂಗಿಗೆ ಹುಷಾರಿಲ್ಲವಂತೆ. ರಾಜಧಾನಿಯ ಆಸ್ಪತ್ರೇಲಿ ಒಂದು ಹಾಸಿಗೆ ಮಾಡಿಸಬಲ್ಲೆ. ಹೊಸ ಮಾತ್ರೆ. ಇವತ್ತೇ ಗಾಡಿ ಕಳಿಸ್ತೀನಿ. ನೀನು ಎದ್ದು ಆ ಉದ್ದನೇ ಪೆಟ್ಟಿಗೆ ಹೊತ್ತರೆ ಉಳಿದೋರು ತಾವಾಗೇ ಏಳ್ತಾರೆ."

ಗಟ್ಟಿಗಿತ್ತಿ ಗೋಡೆ ಹಿಡಿದಳು. ತಂಗಿಯ ಪಕ್ಕೆಲುಬು, ಸಂಜೆಯ ಜ್ವರ, ಬೆನ್ನಿಗೆ ಹಾಕಿಕೊಂಡಾಗ ದಿನದಿಂದ ದಿನಕ್ಕೆ ಇಳಿಯುತ್ತಿದ್ದ ತೂಕ, ಎಲ್ಲ ಒಟ್ಟಿಗೆ ನೆನಪಾಯಿತು. ಹೂಂ ಅನ್ನಲು ಬಾಯಿ ತೆರೆದಳು. ಅದನ್ನು ಅವಳು ಎಂದೂ ಮುಚ್ಚಿಡಲಿಲ್ಲ. ಆಮೇಲೆ ಕೇಳಿದವರಿಗೆಲ್ಲ ಹೇಳಿದಳು. ಬಾಯಿ ತೆರೆದಿದ್ದೆ, ಹೂಂ ಅನ್ನೋಳಿದ್ದೆ, ಅಂತ.

"ಉಳಿದೋರು?" ಅಂತ ಕೇಳಿದಳು.

"ಯಾವ ಉಳಿದೋರು?"

"ಅರವತ್ತೊಂದು ಜನ ಇದ್ರು. ಈಗ ಐವತ್ತನಾಲ್ಕು."

"ಅದು ನೀತಿಯ ವಿಷಯ," ಅಂದ ಕಾರ್ಯದರ್ಶಿ. "ನಾನು ಮಾತಾಡ್ತಿರೋದು ಮನುಷ್ಯತ್ವದ ಮೇಲೆ."

"ಹಾಗಾದ್ರೆ ಮೊದಲಿಂದ ಇದ್ದ ಹಾಸಿಗೆ ಅದು," ಅಂದಳು ಗಟ್ಟಿಗಿತ್ತಿ. "ನಿಮ್ಮ ಹತ್ರ ಇತ್ತು. ಹತ್ತು ವಾರ ಖಾಲಿ ಇಟ್ಕೊಂಡು ಕೂತಿದ್ರಿ." ತಿರುಗಿ ಹೋಗಿ ತನ್ನ ಮೆಟ್ಟಿಲ ಮೇಲೆ ಕೂತಳು.

ಹನ್ನೊಂದಕ್ಕೆ ಪೇದೆಗಳು ಆ ಉದ್ದನೆಯ ಪೆಟ್ಟಿಗೆ ಹೊತ್ತರು. ನಾಲ್ವರು, ಹೆಣ ಹೊರುವಂತೆ ಹೆಗಲ ಮೇಲೆ. ಕಡಿದಾದ ಮೆಟ್ಟಿಲಲ್ಲಿ ಹಾಗೆ ಹೊತ್ತರೆ ಭಾರವೆಲ್ಲ ಮುಂದಿನ ಇಬ್ಬರ ಮೇಲೆ ಬೀಳುತ್ತದೆ. ಕೂತಿದ್ದ ನಲವತ್ತು ಜನಕ್ಕೂ ಅದು ಗೊತ್ತಿತ್ತು. ಯಾರೂ ಹೇಳಲಿಲ್ಲ. ತೊಂಬತ್ತನೇ ಮೆಟ್ಟಿಲ ಹತ್ತಿರ ದಾರಿ ತಿರುಗುತ್ತದೆ. ಅಲ್ಲಿ ಮುಂದಿನವನ ಬೂಟು ಜಾರಿತು. ಪೆಟ್ಟಿಗೆ ವಾಲಿತು. ಹೊರದೇಶದ ಹೆಂಗಸು ಕಿರುಚಿದಳು.

ಗಟ್ಟಿಗಿತ್ತಿ ಯೋಚಿಸಲಿಲ್ಲ. ಮೈ ಯೋಚಿಸಿತು. ಒಂದೇ ನೆಗೆತಕ್ಕೆ ಪೆಟ್ಟಿಗೆಯ ಕೆಳಗೆ ಬೆನ್ನು ಕೊಟ್ಟಳು. ಮೇಸ್ತ್ರಿ ಹಿಂದಿನಿಂದ ಪಟ್ಟಿ ಎಸೆದು, ಪೆಟ್ಟಿಗೆಗೆ ಸುತ್ತಿ, ಅವಳ ಹಣೆಗೆ ಕೂರಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಭಾರ ನಿಂತಿತು. ಪೇದೆಗಳು ಏದುಸಿರು ಬಿಡುತ್ತ ಪಕ್ಕಕ್ಕೆ ಸರಿದರು.

"ಶಭಾಷ್," ಅಂದ ಮೇಲ್ವಿಚಾರಕ. ಅವನ ಮುಖ ಬಿಳಚಿಕೊಂಡಿತ್ತು. "ಹಾಗೇ ಕೆಳಗಿಳಿಸಿಬಿಡಮ್ಮ."

ಅವಳು ಇಳಿದಳು. ಲಾರಿಯ ತನಕ ಇಳಿದಳು. ಲಾರಿಯ ಪಕ್ಕದಲ್ಲೇ ನಡೆದು ಮುಂದೆ ಹೋದಳು. ಕೇರಿಯ ರಸ್ತೆಗೆ ತಿರುಗಿದಳು.

ಇನ್ಸ್‌ಪೆಕ್ಟರ್ ಓಡಿಬಂದು ಕೋಲೆತ್ತಿದ. ಹೊರದೇಶದ ಹೆಂಗಸು ಅಡ್ಡ ಬಂದು ಎರಡೂ ಕೈ ಆಡಿಸಿದಳು. ಮುಟ್ಟಬೇಡಿ, ಬಿದ್ದರೆ ಪುಡಿಯಾಗುತ್ತದೆ, ಮುಟ್ಟಬೇಡಿ. ಲವಲೇಶವೂ ಹಾನಿ ಆಗತಕ್ಕದ್ದಲ್ಲ ಅಂತ ಸರ್ಕಾರವೇ ಬರೆದುಕೊಟ್ಟಿತ್ತು. ಇನ್ಸ್‌ಪೆಕ್ಟರ್ ಕೋಲು ಇಳಿಸಿದ. ಹುಟ್ಟಿದಾಗಿನಿಂದ ಯಾರು ಬೇಕಾದರೂ ತಳ್ಳಿ, ಸರಿಸಿ, ಗದರಿಸಿ ದಾಟಿಹೋಗುತ್ತಿದ್ದ ಹೆಂಗಸು ರಸ್ತೆಯ ನಡುವೆ ನಡೆದಳು. ಮೂವತ್ತು ಪೊಲೀಸರು ಎರಡು ಮಾರು ದೂರ ಬಿಟ್ಟು ಹಿಂದೆ ನಡೆದರು.

ಇಳಿಸಿದ ಕ್ಷಣಕ್ಕೆ ಹಿಡಿಯುತ್ತಾರೆ. ಅದು ಅವಳಿಗೆ ಗೊತ್ತಿತ್ತು.

ಬೀಗ ಹಾಕಿದ ಆಸ್ಪತ್ರೆಯ ಅಂಗಳಕ್ಕೆ ಹೋಗಿ ನಿಂತಳು. ಮಧ್ಯಾಹ್ನವಾಯಿತು. ಕತ್ತಿನ ನರ ಹುರಿಗಟ್ಟಿತು. ಮೊಣಕಾಲು ಅದುರಿತು. ಆಗ ಮೇಸ್ತ್ರಿಯ ಸೊಸೆ ಬಂದು ಪಕ್ಕದಲ್ಲಿ ಬಗ್ಗಿದಳು. ಪಟ್ಟಿ ಒಂದು ಹಣೆಯಿಂದ ಇನ್ನೊಂದಕ್ಕೆ ಹೋಯಿತು. ಪೆಟ್ಟಿಗೆ ನೆಲ ಮುಟ್ಟಲಿಲ್ಲ. ಆಮೇಲೆ ಇನ್ನೊಬ್ಬಳು. ಆಮೇಲೆ ಮೇಸ್ತ್ರಿ ತಾನೇ. ಕೇರಿಯ ಮನೆಮನೆಯಿಂದ ಬಂದರು. ರೋಗದವರೂ ಬಂದರು, ಗಳಿಗೆ ಹೊತ್ತು ಹೊತ್ತರು. ವಿಮಾನ ಹಾರಿಹೋದ ಸದ್ದು ಮೇಲಿನಿಂದ ಕೇಳಿತು.

ನಾಲ್ಕು ಗಂಟೆಗೆ ತಂಗಿ ಗೋಡೆ ಹಿಡಿದು ಹಿಡಿದು ಬಂದಳು. "ನನ್ನ ಸರದಿ," ಅಂದಳು.

"ಹುಚ್ಚು ಹಿಡಿದಿದೆಯಾ? ಹೋಗು, ಮಲಗು."

"ಅರ್ಧ ಚೀಲ ಹೊರ್ತೀನಿ ಅಂದಿದ್ದೆ. ಇದು ಅಷ್ಟೂ ಇಲ್ಲ." ಬಗ್ಗಿದಳು. ಗಟ್ಟಿಗಿತ್ತಿ ಪೆಟ್ಟಿಗೆಯ ಭಾರವನ್ನೆಲ್ಲ ಹಿಂದಿನಿಂದ ತಾನೇ ಹಿಡಿದುಕೊಂಡಳು. ತಂಗಿಗೆ ಅದು ತಿಳಿಯಿತು.

ಐದು ಗಂಟೆಗೆ ಹೊಸ ಕಾಗದ ಬಂತು. ಇನ್ಸ್‌ಪೆಕ್ಟರೇ ಓದಿದ. ವಸ್ತು ಸಂಖ್ಯೆ ಇಪ್ಪತ್ತಾರನ್ನು ಪಟ್ಟಿಯಿಂದ ತೆಗೆದುಹಾಕಲಾಗಿದೆ. ಸದರಿ ವಸ್ತುವಿಗೆ ಯಾವುದೇ ಸಾಂಸ್ಕೃತಿಕ ಮಹತ್ವ ಇರುವುದಿಲ್ಲವೆಂದು ನಿರ್ಣಯಿಸಲಾಗಿದೆ. ಅದೇ ಸಹಿ. ಹೊರದೇಶದ ಹೆಂಗಸು ಮೇಲ್ವಿಚಾರಕನ ಜೊತೆ ಜಗಳವಾಡುತ್ತ ನಿಂತಿದ್ದವಳು ಸುಮ್ಮನಾದಳು. ಪೊಲೀಸರು ಎರಡು ಮಾರಿನ ದೂರವನ್ನು ಒಂದೇ ಹೆಜ್ಜೆಗೆ ಮುಗಿಸಿದರು.

"ಮಹತ್ವ ಇಲ್ಲವಂತೆ," ಅಂದಳು ಗಟ್ಟಿಗಿತ್ತಿ ತಂಗಿಗೆ. "ಈಗ ಪೂರಾ ನಮ್ಮೋಳಾದಳು. ಇಳಿಸು."

ಇಳಿಸಿದರು. ಇನ್ಸ್‌ಪೆಕ್ಟರ್ ಕೋಲಿನಿಂದ ಪೆಟ್ಟಿಗೆಗೆ ಕುಟ್ಟಿದ. "ಇನ್ನು ಇದು ವಸ್ತು ಅಲ್ಲ. ಬೀದೀಲಿ ಸಿಕ್ಕ ಹೆಣ. ಹೆಣಕ್ಕೆ ಹಕ್ಕುದಾರರು ಬೇಕು. ಯಾರು? ಮುಂದೆ ಬಂದೋರನ್ನ ಇವತ್ತೇ ಒಳಗೆ ಹಾಕ್ತೀನಿ, ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದ್ದಕ್ಕೆ. ಯಾರಿಗೆ ಏನಾಗಬೇಕು ಇವಳು?"

"ನನಗೆ ಅಕ್ಕ ಆಗಬೇಕು," ಅಂದಳು ಗಟ್ಟಿಗಿತ್ತಿ. "ಬರ್ಕೊಳ್ಳಿ."

ಅವನು ಬರೆದುಕೊಂಡ. ಅವಳ ಕೈಗೆ ಬೇಡಿ ಹಾಕಿ ವ್ಯಾನು ಹತ್ತಿಸುವಾಗ ಹಿಂದಿನಿಂದ ಗುದ್ದಲಿಯ ಸದ್ದು ಕೇಳುತ್ತಿತ್ತು. ಕೇರಿಯವರು ಆಸ್ಪತ್ರೆಯ ಅಂಗಳದಲ್ಲೇ ಪೆಟ್ಟಿಗೆಯಲ್ಲಿದ್ದವಳನ್ನು ಮಣ್ಣು ಮಾಡಿದರು. ಹನ್ನೊಂದನೇ ದಿನ ಅದರ ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿ ತಂಗಿಯನ್ನು ಹಾಕಿದರು. ಗಟ್ಟಿಗಿತ್ತಿಗೆ ಜೈಲಿನಲ್ಲಿ ಸುದ್ದಿ ಮುಟ್ಟಿದ್ದು ಎರಡು ದಿನ ತಡವಾಗಿ. ಗುಂಡಿಗೆ ಕೇರಿಯವರು ಸರದಿಯ ಮೇಲೆ ಕಾವಲು ಕೂತಿದ್ದಾರೆ ಅಂತ ಮೇಸ್ತ್ರಿ ಹೇಳಿ ಕಳಿಸಿದ್ದ.

ಮೂರು ತಿಂಗಳ ಮೇಲೆ ವಿಚಾರಣೆ ನಡೆಯಿತು. ಕೋರ್ಟಿನ ಕೋಣೆ ಚಿಕ್ಕದು. ಜನ ತುಂಬಿದ್ದರು. ಮೇಲ್ವಿಚಾರಕ ಸಾಕ್ಷಿಯ ಕಟಕಟೆಗೆ ಬಂದ. ಅಂಗಿಯ ಕಾಲರು ಕತ್ತಿಗೆ ದೊಡ್ಡದಾಗಿತ್ತು. ಈ ಹೆಂಗಸನ್ನು ಗುರುತಿಸುತ್ತೀರಾ ಅಂತ ವಕೀಲ ಕೇಳಿದ. ಅವನು ಬಾಯಿ ತೆರೆದ. ಮಾತಿನ ಬದಲು ಕೆಮ್ಮು ಬಂತು. ಕರವಸ್ತ್ರ ತೆಗೆದು ಬಾಯಿಗೆ ಹಿಡಿದ. ಕೆಮ್ಮು ನಿಂತ ಮೇಲೆ ಕರವಸ್ತ್ರವನ್ನು ಬಿಡಿಸಿ ಒಳಗೆ ಒಮ್ಮೆ ನೋಡಿದ. ಬೇಗ ಮಡಚಿ ಜೇಬಿಗಿಟ್ಟ.

ಗಟ್ಟಿಗಿತ್ತಿಗೆ ಆ ನೋಟ ಗೊತ್ತಿತ್ತು.

"ಎಷ್ಟು ದಿನ ಆಯ್ತು ಸ್ವಾಮಿ?" ಅಂತ ತನ್ನ ಕಟಕಟೆಯಿಂದ ಕೇಳಿದಳು.

ಆರೋಪಿ ಮಾತಾಡಕೂಡದು ಅಂತ ಗುಮಾಸ್ತ ಗದರಿದ. ಮೇಲ್ವಿಚಾರಕ ಅವಳ ಕಡೆ ನೋಡಲಿಲ್ಲ. ಕಟಕಟೆಯ ಮರದ ಅಡ್ಡಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಮೂರು ವಾರ," ಅಂದ.